ಎಂಟು ಕುದುರೆಯಲ್ಲಿ ಎಲ್ ಸಿದ್

ಮಧ್ಯಯುಗದ ಸ್ಪೇನ್ ಬಗ್ಗೆ ಸಿನಿಮಾ ಅಂದ ಕೂಡಲೇ ಜನರ ಕಣ್ಣಮುಂದೆ ಬರುವುದು ಬಯಲು ತುಂಬ ಸೈನ್ಯ, ಕೋಟೆಗೆ ಏಣಿ, ಹಾರಿ ಬರುವ ಬೆಂಕಿ ಬಾಣ. ನಮ್ಮ ಹತ್ತಿರ ಇದ್ದದ್ದು ಬಾಡಿಗೆಯ ಎಂಟು ಕುದುರೆ, ಒಂದು ಕ್ಯಾಮೆರಾ, ಊಟ ಮತ್ತು ಬಸ್ ಚಾರ್ಜು ಕೊಟ್ಟರೆ ಬರ್ತೀವಿ ಎಂದ ಒಂದಷ್ಟು ಜನ. ನಾನು ಬೆಂಗಳೂರಿನಲ್ಲಿ ಪೌರಾಣಿಕ ಧಾರಾವಾಹಿಗಳ ಆರ್ಟ್ ಡಿಪಾರ್ಟ್‌ಮೆಂಟ್‌ನಲ್ಲಿದ್ದವಳು. ಓದಲೆಂದು ಮ್ಯಾಡ್ರಿಡ್‌ಗೆ ಬಂದು, ಓದು ಮುಗಿದ ಮೇಲೂ ಇಲ್ಲೇ ಉಳಿದೆ. ಈ ಚಿತ್ರಕ್ಕೆ ಸೆಟ್ಟು, ಪ್ರಾಪರ್ಟಿ, ಬಟ್ಟೆ ಮೂರೂ ನನ್ನ ತಲೆಗೇ ಬಂತು. ದುಡ್ಡಿಲ್ಲದೆ ಹೇಗೆ ಮಾಡಿದ್ರಿ ಅಂತ ಊರಿನ ಗೆಳೆಯರು ಕೇಳುತ್ತಿರುತ್ತಾರೆ. ಜುಗಾಡು ಮಾಡಿದ್ದು ಇದ್ದೇ ಇದೆ. ಅದಕ್ಕಿಂತ ಜಾಸ್ತಿ ದುಡ್ಡು ಉಳಿಸಿದ್ದು ಆ ಕಾಲದ ಬಗ್ಗೆ ಕೂತು ಓದಿದ್ದು.

ಮೊದಲು ಕಥೆ. ನಿರ್ದೇಶಕರ ಮನಸ್ಸಲ್ಲಿ ಇದ್ದದ್ದು 1212ರ ಲಾಸ್ ನಾವಾಸ್ ದೆ ತೊಲೋಸಾ ಯುದ್ಧ. ಒಂದು ಕಡೆ ಮೂವರು ಕ್ರೈಸ್ತ ರಾಜರು, ಎದುರಿಗೆ ಅಲ್ಮೊಹಾದ್ ಎಂಬ ಮುಸ್ಲಿಂ ರಾಜವಂಶದ ಖಲೀಫ. ನಮ್ಮ ಬಜೆಟ್‌ನಲ್ಲಿ ಅದನ್ನು ತೆಗೆದರೆ ಶಾಲಾ ವಾರ್ಷಿಕೋತ್ಸವದ ನಾಟಕದ ಹಾಗೆ ಕಾಣುತ್ತಿತ್ತು. ಹಾಗಾಗಿ ನೂರು ವರ್ಷಕ್ಕೂ ಹಿಂದಕ್ಕೆ ಸರಿದು ರೋದ್ರಿಗೊ ದಿಯಾಸ್ ಎಂಬ ಯೋಧನನ್ನು, ಅಂದರೆ ಎಲ್ ಸಿದ್‌ನನ್ನು ಹಿಡಿದುಕೊಂಡೆವು. ಆಗಿನ ಸ್ಪೇನಿನ ಕ್ರೈಸ್ತ ರಾಜ್ಯಗಳಲ್ಲಿ ಒಂದಾದ ಕ್ಯಾಸ್ಟೀಲಿನ ರಾಜ ಆರನೇ ಅಲ್ಫಾನ್ಸೊ 1081ರಲ್ಲಿ ಇವನನ್ನು ಗಡಿಪಾರು ಮಾಡಿದ. ಇವನ ಮೇಲಿರುವ ಹಳೆಯ ಕಾವ್ಯದಲ್ಲಿ, ಬುರ್ಗೋಸ್ ಊರೊಳಗೆ ಬರುವಾಗ ಜೊತೆಗಿರುವುದು ಬಾವುಟ ಕಟ್ಟಿದ ಅರವತ್ತು ಭರ್ಜಿ. ಅರವತ್ತೇ! ರಾಜನಿಗೆ ಹೆದರಿ ಯಾರೂ ಬಾಗಿಲು ತೆಗೆಯುವುದಿಲ್ಲ. ಕೊನೆಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು, ನಿಮಗೆ ಆಶ್ರಯ ಕೊಟ್ಟರೆ ನಾವು ಮನೆಮಠ ಕಳಕೊಳ್ತೀವಿ, ಹೋಗಿಬಿಡಿ ಎನ್ನುತ್ತಾಳೆ. ಮುಚ್ಚಿದ ಬಾಗಿಲು, ಖಾಲಿ ಬೀದಿ, ಒಂದು ಹುಡುಗಿ. ಇಷ್ಟು ಕಡಿಮೆ ಖರ್ಚಿನ, ಇಷ್ಟು ಗಟ್ಟಿಯಾದ ಸೀನು ಇನ್ನೆಲ್ಲಿ ಸಿಗಬೇಕು?

ಗಡಿಪಾರಾದವನು ಹೋಗಿ ಸೇರಿದ್ದು ಸರಗೋಸಾದ ಮುಸ್ಲಿಂ ದೊರೆಯ ಚಾಕರಿಗೆ. ಅಲ್ಲಿದ್ದುಕೊಂಡೇ 1082ರಲ್ಲಿ ಬಾರ್ಸಿಲೋನಾದ ಕ್ರೈಸ್ತ ಕೌಂಟ್‌ನನ್ನು ಸೆರೆ ಹಿಡಿದ. ಆಗಿನ ಕಾಳಗ ಅಂದರೆ ಬಹುಪಾಲು ದಾಳಿಗಳೇ. ಒಂದು ಗುಂಪು ಗಡಿ ದಾಟುವುದು, ಬೆಳೆ ಸುಡುವುದು, ದನ ಕುರಿ ಹೊಡೆದುಕೊಂಡು ಬರುವುದು, ಕಪ್ಪಕಾಣಿಕೆ ವಸೂಲಿ ಮಾಡುವುದು. ಸೋರಿಯಾ ಪ್ರಾಂತ್ಯದಲ್ಲಿ ಕುರಿಗಾರರು ಇನ್ನೂ ಇದ್ದಾರೆ. ಅವರ ಒಂದು ಹಿಂಡು ಕಣಿವೆಯಲ್ಲಿ ಇಳಿದರೆ ಫ್ರೇಮ್ ತುಂಬಿಹೋಗುತ್ತದೆ, ಧೂಳನ್ನೂ ಅವೇ ಎಬ್ಬಿಸುತ್ತವೆ. ಜೂನಿಯರ್ ಆರ್ಟಿಸ್ಟ್‌ಗಳಿಗಿಂತ ಶಿಸ್ತು ಬೇರೆ.

ಎಂಟು ಕುದುರೆಯನ್ನು ಅರವತ್ತು ಮಾಡಿದ್ದು ಕಲತಾನ್ಯಸೋರ್ ಎಂಬ ಪುಟ್ಟ ಊರಿನ ಇಕ್ಕಟ್ಟು ಬೀದಿಯಲ್ಲಿ. ಮರದ ಕಂಬ, ಮಣ್ಣಿನ ಗೋಡೆ, ಕಲ್ಲು ಹಾಸು. ಕ್ಯಾಮೆರಾವನ್ನು ಒಂದು ಮನೆಯ ಒಳಗಿಟ್ಟೆವು. ಅರ್ಧ ತೆರೆದ ಕಿಟಕಿಯಿಂದ ಕಾಣುವುದು ಇಬ್ಬರು ಸವಾರರು ಅಕ್ಕಪಕ್ಕ ಹೋಗುವಷ್ಟು ಜಾಗ ಮಾತ್ರ. ಕುದುರೆಗಳು ಕಿಟಕಿ ದಾಟಿ, ಮನೆಯ ಹಿಂದಿನಿಂದ ಸುತ್ತು ಹಾಕಿ ಮತ್ತೆ ಬರುತ್ತವೆ. ಆ ಸುತ್ತಿನಲ್ಲಿ ನನ್ನ ಇಬ್ಬರು ಹುಡುಗರು ನಿಂತು, ಗುರಾಣಿಯ ಮೇಲಿನ ಬಣ್ಣದ ಬಟ್ಟೆ ಎಳೆದು ಇನ್ನೊಂದು ಸಿಕ್ಕಿಸುತ್ತಿದ್ದರು. ಜೀನಿನ ಮೇಲಿನ ಕಂಬಳಿಯೂ ಬದಲು. ಹೊಸ ಕಾಲದ ಜೀನು ಎಂದು ಗೊತ್ತಾಗದ ಹಾಗೆ ಕಂಬಳಿ ಹೇಗೂ ಬೇಕಿತ್ತು. ಒಂದು ಕಿವಿಮಾತು: ಬಿಳಿ ಕುದುರೆ ತಗೋಬೇಡಿ. ಕಂದು ಕುದುರೆ ಎಷ್ಟು ಸಲ ಬಂದರೂ ಯಾರಿಗೂ ಗೊತ್ತಾಗಲ್ಲ, ಬಿಳಿಯದು ಎರಡನೇ ಸಲ ಬಂದಾಗಲೇ ಸಿಕ್ಕಿಬೀಳುತ್ತದೆ. ನಾಯಕನಿಗೂ ಕಂದು ಕುದುರೆಯೇ ಕೊಟ್ಟೆವು. ನಿರ್ದೇಶಕರು ಮುಖ ಊದಿಸಿಕೊಂಡರು, ಆಮೇಲೆ ಸರಿಹೋದರು.

ಈಗ ಕವಚ. ಹನ್ನೊಂದನೇ ಶತಮಾನದ ಸವಾರ ಹಾಕುತ್ತಿದ್ದದ್ದು ಕಬ್ಬಿಣದ ಸಣ್ಣ ಉಂಗುರ ಹೆಣೆದ ಅಂಗಿ, ಮೂಗಿನ ಮೇಲೆ ಪಟ್ಟಿ ಇಳಿಬಿದ್ದ ಶಿರಸ್ತ್ರಾಣ, ಮೇಲೆ ಅಗಲ ಕೆಳಗೆ ಚೂಪಾದ ಉದ್ದ ಗುರಾಣಿ. ಮೈಯೆಲ್ಲ ಮುಚ್ಚುವ ತಗಡಿನ ಕವಚ ಬಂದದ್ದು ಎಷ್ಟೋ ಕಾಲದ ನಂತರ. ಮ್ಯಾಡ್ರಿಡ್‌ನಲ್ಲಿ ಕಾರ್ನೆಹೋ, ಪೆರಿಸ್‌ನಂಥ, ಸಿನಿಮಾ ಉಡುಗೆ ಬಾಡಿಗೆಗೆ ಕೊಡುವ ದೊಡ್ಡ ಸಂಸ್ಥೆಗಳಿವೆ. ಇಡೀ ಪಡೆಗೆ ಅಲ್ಲಿಂದ ತರುವ ಶಕ್ತಿ ನಮಗಿರಲಿಲ್ಲ. ಮುಂದಿನ ಸಾಲಿಗೆ ನಿಜವಾದ ಉಂಗುರದ ಅಂಗಿ ಬಂದದ್ದು ಹಳೆಯ ಕಾಲದ ಉಡುಗೆ ತೊಟ್ಟು ಯುದ್ಧ ಆಡಿ ತೋರಿಸುವ ಹವ್ಯಾಸಿ ತಂಡಗಳಿಂದ. ಬುರ್ಗೋಸ್‌ನಲ್ಲಿ ಎಲ್ ಸಿದ್ ಹೆಸರಲ್ಲಿ ಪ್ರತಿವರ್ಷ ಹಬ್ಬ ನಡೆಯುತ್ತದೆ, ಅಲ್ಲಿ ಇಂಥವರು ಸಿಗುತ್ತಾರೆ. ಇವರು ಸ್ವಂತ ಸಾಮಾನು ತರುತ್ತಾರೆ, ಕತ್ತಿ ಹಿಡಿಯುವುದೂ ಗೊತ್ತು. ಜೊತೆಗೆ ನಿಮ್ಮ ಹೊಲಿಗೆಯಲ್ಲಿ ತಪ್ಪು ಹುಡುಕುವುದೂ ಗೊತ್ತು.

ಹಿಂದಿನ ಸಾಲಿನವರಿಗೆ ನಾವೇ ಹೆಣೆದೆವು. ದಪ್ಪ ಹತ್ತಿ ದಾರ, ದಪ್ಪ ಕಡ್ಡಿ, ಸಡಿಲ ಹೆಣಿಗೆ. ಹೆಣೆದದ್ದನ್ನು ಕಪ್ಪು ಬಣ್ಣ ಬೆರೆಸಿದ ತೆಳು ಫೆವಿಕಾಲ್ ಥರದ ಗೋಂದಿನಲ್ಲಿ ಅದ್ದಿ, ಹಿಂಡಿ, ಹ್ಯಾಂಗರಿಗೆ ಹಾಕಿ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಬ್ರಷ್ಷಿಗೆ ಬೆಳ್ಳಿ ಬಣ್ಣ ಹಚ್ಚಿ, ಅದರಲ್ಲಿ ಮುಕ್ಕಾಲು ಭಾಗವನ್ನು ಚಿಂದಿಗೆ ಒರೆಸಿಬಿಟ್ಟು, ಉಳಿದದ್ದನ್ನು ಉಬ್ಬಿದ ಗಂಟುಗಳ ಮೇಲೆ ಮಾತ್ರ ಸವರಬೇಕು. ತಗ್ಗಿನಲ್ಲಿ ಕಪ್ಪು ಉಳಿದರೇ ಉಂಗುರ ಅನ್ನಿಸುವುದು. ಎಲ್ಲ ಕಡೆ ಬೆಳ್ಳಿ ಬಳಿದರೆ ಮಗುವಿನ ಸ್ವೆಟರ್ ಅಷ್ಟೇ. ಸ್ವಲ್ಪ ದೂರದಿಂದ ನಮ್ಮ ಕ್ಯಾಮೆರಾಮನ್‌ಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೆ ನಿಜವಾದ ಅಂಗಿ ಹತ್ತು ಕಿಲೋಗೂ ಜಾಸ್ತಿ ತೂಗುತ್ತದೆ, ಅದನ್ನು ತೊಟ್ಟವನ ನಡಿಗೆಯೇ ಬೇರೆ. ದಾರದ ಅಂಗಿಯವರು ಮೈದಾನದಲ್ಲಿ ಜಿಗಿಯುತ್ತಾ ಓಡಾಡುತ್ತಿದ್ದರು. ಒಳಗಡೆ ಭುಜದ ಮೇಲೆ ಮರಳಿನ ಸಣ್ಣ ಚೀಲ ಹೊಲಿದೆವು, ನಡಿಗೆ ಸರಿಯಾಯಿತು. ಮಳೆ ಬಂದರೆ ಮಾತ್ರ ಕಥೆ ಮುಗಿಯಿತು, ಅಂಗಿ ನೆನೆದು ಮಂಡಿ ತನಕ ಜೋಲುತ್ತದೆ.

ಬಣ್ಣದ ವಿಷಯಕ್ಕೆ ನಾನು ಜಗಳವೇ ಆಡಿದೆ. ಮಧ್ಯಯುಗ ಅಂದರೆ ಸಾಕು, ಎಲ್ಲರಿಗೂ ಕೆಸರು ಬಣ್ಣದ ಗೋಣಿಬಟ್ಟೆ ಸುತ್ತುವ ಚಾಳಿ ಇದೆ. ರಾಜ ಮೊದಲನೇ ಫರ್ನಾಂದೊ ಮತ್ತು ರಾಣಿ ಸಾಂಚಾಗಾಗಿ 1047ರಲ್ಲಿ ಬರೆದ ಬೇಆತೊ ಎಂಬ ಸಚಿತ್ರ ಧಾರ್ಮಿಕ ಹಸ್ತಪ್ರತಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರ ಚಿತ್ರಗಳನ್ನು ಒಮ್ಮೆ ನೋಡಿ. ಉರಿಯುವ ಹಳದಿ, ಇಟ್ಟಿಗೆ ಕೆಂಪು, ಕಡು ನೀಲಿ ಪಟ್ಟೆಗಳು. ಇದು ಬಟ್ಟೆ ಅಂಗಡಿಯ ಕ್ಯಾಟಲಾಗ್ ಅಲ್ಲ ನಿಜ, ಆದರೆ ಬಣ್ಣಕ್ಕೆ ಹೆದರುವ ಜನ ಹೀಗೆ ಬರೆಯುವುದಿಲ್ಲ. ಭಾನುವಾರದ ರಾಸ್ತ್ರೊ ಸಂತೆಯಲ್ಲಿ ಹಳೆಯ ಲಿನನ್ ಹಾಸಿಗೆ ವಸ್ತ್ರಗಳು ರಾಶಿ ಬಿದ್ದಿರುತ್ತವೆ. ಅವನ್ನು ತಂದು ಮಂಜಿಷ್ಠದಲ್ಲಿ ಕೆಂಪು, ಈರುಳ್ಳಿ ಸಿಪ್ಪೆಯಲ್ಲಿ ಹಳದಿ ಮಾಡಿದೆವು. ಬಣ್ಣ ಇದ್ದರೆ ಇನ್ನೊಂದು ಲಾಭ, ನಾಲ್ಕೇ ಜನ ನಿಂತರೂ ಫ್ರೇಮ್ ಬಡವಾಗಿ ಕಾಣಲ್ಲ.

ದುಡ್ಡು ಕೇಳದ, ಆದರೆ ತಲೆ ತಿನ್ನುವ ಕೆಲಸ ಅಂದರೆ ಗಿಡಮರಗಳದ್ದು. ಬೇಸಿಗೆಯಲ್ಲಿ ಕ್ಯಾಸ್ಟೀಲಿನ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಸೂರ್ಯಕಾಂತಿ. ಸೂರ್ಯಕಾಂತಿ ಅಮೆರಿಕದ್ದು, 1492ಕ್ಕೆ ಮೊದಲು ಇಲ್ಲಿ ಇರಲೇ ಇಲ್ಲ. ಮೆಕ್ಕೆಜೋಳವೂ ಹಾಗೇ. ತಬೆರ್ನಾಸ್ ಮರುಭೂಮಿಯ ಕಡೆ ಹೋಗೋಣ ಎಂದರೆ ಅಲ್ಲಿ ಕತ್ತಾಳೆ, ಪಾಪಾಸುಕಳ್ಳಿ, ಎರಡೂ ಅಮೆರಿಕದಿಂದಲೇ ಬಂದವು. ಬೆಟ್ಟದ ಮೇಲೆ ಗಾಳಿಯಂತ್ರ, ಆಕಾಶದಲ್ಲಿ ವಿಮಾನದ ಬಿಳಿ ಗೆರೆ. ಹೀಗಾಗಿ ಕೊಯ್ಲು ಮುಗಿದ ಗೋಧಿ ಹೊಲ ಮತ್ತು ಓಕ್ ಮರಗಳ ಬಯಲಿಗೆ ಅಂಟಿಕೊಂಡೆವು. ಅಡುಗೆಮನೆ ಸೀನಿನಲ್ಲಿ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಯಾವುದೂ ಇಲ್ಲ. ಕಡಲೆಕಾಳು, ಈರುಳ್ಳಿ, ಬೆಳ್ಳುಳ್ಳಿ, ರೊಟ್ಟಿ. ಆಗ ನಮ್ಮೂರಲ್ಲೂ ಮೆಣಸಿನಕಾಯಿ ಇರಲಿಲ್ಲ, ಅಲ್ವಾ?

ಕೋಟೆಗೆ ಗೋರ್ಮಾಸ್ ಆರಿಸಿದೆವು. ಹತ್ತನೇ ಶತಮಾನದಲ್ಲಿ ಕೊರ್ದೊಬಾದ ಖಲೀಫರ ಕಾಲದ್ದು, ಸುತ್ತಳತೆ ಒಂದು ಕಿಲೋಮೀಟರ್‌ಗೂ ಹೆಚ್ಚು, ಕೆಳಗೆ ದುಯೆರೊ ನದಿ. ಅಲ್ಫಾನ್ಸೊ ಮತ್ತೆ ಕರೆಸಿಕೊಂಡಾಗ ರೋದ್ರಿಗೊಗೆ ಕೊಟ್ಟ ಕೋಟೆಗಳಲ್ಲಿ ಇದೂ ಒಂದು. ಹೆಸರಾದ ಪೆನ್ಯಿಸ್ಕೊಲಾ ಕೋಟೆ ಬೇಡವೆಂದೆವು, ಅದು ಎಲ್ ಸಿದ್ ಸತ್ತು ಸುಮಾರು ಇನ್ನೂರು ವರ್ಷದ ನಂತರ ಕಟ್ಟಿದ್ದು. ಗೋರ್ಮಾಸ್ ಇವತ್ತು ಪಾಳು, ಆಗ ಗಟ್ಟಿಯಾಗಿತ್ತು. ಅದಕ್ಕೇ ಕುದುರೆ ಲಾಳದ ಆಕಾರದ ಆ ದೊಡ್ಡ ಬಾಗಿಲನ್ನು ಮಾತ್ರ ಕೆಳಗಿನಿಂದ ತೆಗೆದೆವು. ಗೋಡೆಯ ಮುರಿದ ತುದಿ ಫ್ರೇಮಿನೊಳಗೆ ಬರಲು ಬಿಡಲಿಲ್ಲ.

ಕೊನೆಯ ಯುದ್ಧ 1094ರ ಅಕ್ಟೋಬರ್‌ನದ್ದು. ಅದೇ ವರ್ಷ ರೋದ್ರಿಗೊ ವಲೆನ್ಸಿಯಾ ಗೆದ್ದಿದ್ದ. ಅದನ್ನು ಬಿಡಿಸಿಕೊಳ್ಳಲು ಆಫ್ರಿಕಾದಿಂದ ಅಲ್ಮೊರಾವಿದ್ ಎಂಬ ಮುಸ್ಲಿಂ ರಾಜವಂಶದ ಸೈನ್ಯ ಬಂತು, ಕ್ವಾರ್ತೆ ಎಂಬಲ್ಲಿ ಬೀಡುಬಿಟ್ಟಿತು. ಇವನು ಕತ್ತಲಲ್ಲೇ ಒಂದು ಪಡೆಯನ್ನು ಹೊರಗೆ ಕಳಿಸಿ, ಹಿಂದಿನಿಂದ ಬೀಡಿನ ಮೇಲೆ ಬಿದ್ದ. ಕತ್ತಲು, ಗುಡಾರ, ಗಲಿಬಿಲಿ, ನಮಗೆ ಬೇಕಾದದ್ದೂ ಅಷ್ಟೇ. ಅಲ್ಮೊರಾವಿದ್ ಗಂಡಸರು ಕಣ್ಣು ಮಾತ್ರ ಕಾಣುವ ಹಾಗೆ ಮುಖಕ್ಕೆ ಬಟ್ಟೆ ಸುತ್ತುತ್ತಿದ್ದರು. ಮಾತಿರುವ ಪಾತ್ರಗಳಿಗೆ ಮೊರಾಕೊ ಮೂಲದ ನಟರು ಬಂದರು. ಉಳಿದಂತೆ, ಸಂಜೆ ರೋದ್ರಿಗೊ ಕಡೆಯಿಂದ ಓಡಿದವರೇ ಊಟ ಮಾಡಿ ಬಂದು ಮುಖ ಸುತ್ತಿಕೊಂಡು ಎದುರು ಕಡೆಯಿಂದ ಓಡಿದರು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಇಲ್ಲಿ ಬಯಲಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ಗುಡಾರದ ಹಿಂದೆ ಮಿನುಗುವ ಎಲ್‌ಇಡಿ ಇಟ್ಟು, ಮುಂದೆ ಹೊಗೆ ಬಿಟ್ಟೆವು.

ಸೈನ್ಯ ದೊಡ್ಡದು ಅನ್ನಿಸಿದ್ದು ಶಬ್ದದಿಂದ. ಅಲ್ಮೊರಾವಿದ್‌ಗಳು ಯುದ್ಧದಲ್ಲಿ ದೊಡ್ಡ ನಗಾರಿ ಬಾರಿಸುತ್ತಿದ್ದರು, ಆ ಸದ್ದು ಕ್ಯಾಸ್ಟೀಲಿನವರಿಗೆ ಹೊಸದು. ನನಗೆ ಡೊಳ್ಳು ಹಾಕುವ ಆಸೆ ಇತ್ತು, ಕೇಳಿದರೆ ನಮ್ಮವರು ತಕ್ಷಣ ಗುರುತು ಹಿಡಿಯುತ್ತಾರೆ ಎಂದು ಬಿಟ್ಟೆ. ಅರಗಾನ್ ಕಡೆಯ ಹಳ್ಳಿಗಳಲ್ಲಿ ಪವಿತ್ರ ವಾರಕ್ಕೆ ಬೊಂಬೊ ಎಂಬ ದೊಡ್ಡ ಡೋಲು ಬಾರಿಸುತ್ತಾರೆ. ಅದನ್ನೇ ರೆಕಾರ್ಡ್ ಮಾಡಿ ಸ್ವರ ತಗ್ಗಿಸಿದೆವು. ದಾರದ ಕವಚಕ್ಕೆ ಸದ್ದಿಲ್ಲವಲ್ಲ, ಹವ್ಯಾಸಿಗಳ ಒಂದು ನಿಜವಾದ ಅಂಗಿಯನ್ನು ಮೈಕಿನ ಮುಂದೆ ಕುಲುಕಿ ಎಲ್ಲರಿಗೂ ಅದೇ ಹಾಕಿದೆವು.

ಎರಡು ಕಡೆ ಮಾತ್ರ ಚೌಕಾಸಿ ಮಾಡಲಿಲ್ಲ. ಕುದುರೆ ನೋಡಿಕೊಳ್ಳುವವರ ಕೂಲಿ, ಮತ್ತು ಕತ್ತಿವರಸೆ ಕಲಿಸಿ ಪ್ರತಿ ಶಾಟ್‌ಗೂ ಪಕ್ಕದಲ್ಲೇ ನಿಲ್ಲುತ್ತಿದ್ದ ಮಾಸ್ತರ ಸಂಬಳ. ಕುದುರೆ ಶಾಟ್‌ಗಳನ್ನು ಬೆಳಿಗ್ಗೆಯೇ ಮುಗಿಸುತ್ತಿದ್ದೆವು, ಬಿಸಿಲೇರಿದ ಮೇಲೆ ಅವು ಮಾತು ಕೇಳಲ್ಲ.