ಬೋಟಿಗೆ ಯಾವ ವೈರ್‌ಲೆಸ್, ಯಾವ ಹೆಡ್‌ಸೆಟ್?

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಅದಕ್ಕೂ ಮುಂಚಿನ ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಾರೆ, ಬಲೆ ರಿಪೇರಿ ಆಗುತ್ತದೆ, ಬಣ್ಣ ಬೀಳುತ್ತದೆ. ಮಾತಾಡುವ ಸಾಮಾನಿನ ನೆನಪು ಬರುವುದು ಕೊನೆಯ ವಾರದಲ್ಲಿ. ಮೊಬೈಲಿನಲ್ಲಿ ಕಡಿಮೆ ಬೆಲೆಯದ್ದು ನೋಡಿ ತರಿಸುತ್ತಾರೆ. ಮಲ್ಪೆಯಲ್ಲಿ, ಮಂಗಳೂರು ದಕ್ಕೆಯಲ್ಲಿ ಇದನ್ನು ವರ್ಷವರ್ಷವೂ ನೋಡುತ್ತೇನೆ. ದೀಪಾವಳಿ ಹೊತ್ತಿಗೆ ಆ ಸೆಟ್ ಕ್ಯಾಬಿನ್ನಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಬೋಟು ನಡೆಸುವ ತಾಂಡೇಲರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿರುತ್ತಾರೆ. ಬಲೆಯ ರೋಪ್ ಸುತ್ತುವ ವಿಂಚಿನ ಹತ್ತಿರ ನಿಂತವನಿಗೆ ಎಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಬಲೆ ಎಳೆಯುವಾಗ ‘ನಿಲ್ಸು’ ಎಂದದ್ದು ಕೇಳದೆ ಹೋದರೆ ರೋಪ್ ತುಂಡಾಗುತ್ತದೆ, ಬೆರಳೂ ಹೋಗುತ್ತದೆ.

ಮೊದಲು, ಯಾರು ಯಾರ ಜೊತೆ ಮಾತಾಡಬೇಕು?

ಕಾಗದದ ಮೇಲೆ ಬರೆದುಕೊಳ್ಳಿ. ಬೋಟಿನಿಂದ ಇನ್ನೊಂದು ಬೋಟಿಗೆ ಮತ್ತು ದಡಕ್ಕೆ ಮಾತಾಡುವುದು ಒಂದು ಕೆಲಸ. ಅದೇ ಬೋಟಿನಲ್ಲಿ ಕ್ಯಾಬಿನ್, ವಿಂಚ್, ಎಂಜಿನ್ ರೂಮ್ ನಡುವೆ ಮಾತಾಡುವುದು ಬೇರೆಯೇ ಕೆಲಸ. ಎರಡಕ್ಕೂ ಒಂದೇ ಸೆಟ್ ಸಾಕು ಅಂದುಕೊಂಡಾಗಲೇ ತಪ್ಪು ಶುರುವಾಗುತ್ತದೆ.

ಬೋಟಿನಿಂದ ಬೋಟಿಗೆ

ಇದಕ್ಕೆ ಮರೈನ್ ವಿಎಚ್‌ಎಫ್, ಅಂದರೆ ಕಡಲಿನ ಬಳಕೆಗೆಂದೇ ಇರುವ ವೈರ್‌ಲೆಸ್, ಒಂದೇ ಸರಿ. ಕ್ಯಾಬಿನ್ನಿನಲ್ಲಿ 25 ವಾಟ್‌ನ ಸೆಟ್ ಕೂರಿಸಿ. ಜೊತೆಗೆ ಕೈಯಲ್ಲಿ ಹಿಡಿಯುವ 5 ಅಥವಾ 6 ವಾಟ್‌ನದ್ದು ಒಂದಿರಲಿ. ವಾಟ್ ಜಾಸ್ತಿ ಇದ್ದರೆ ದೂರ ಜಾಸ್ತಿ ಎಂದು ಅಂಗಡಿಯವರು ಹೇಳುತ್ತಾರೆ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಸಮುದ್ರದ ಬಾಗನ್ನು ದಾಟುವುದಿಲ್ಲ. ಹಾಗಾಗಿ ಆಂಟೆನಾ ಎಷ್ಟು ಎತ್ತರದಲ್ಲಿದೆ ಎನ್ನುವುದೇ ಮುಖ್ಯ. ಎತ್ತರ ಎಷ್ಟು ಮೀಟರ್ ಅಂತ ಅಳೆದು, ಅದರ ವರ್ಗಮೂಲವನ್ನು 2.2ರಿಂದ ಗುಣಿಸಿ. ಎರಡೂ ಬೋಟಿನದ್ದನ್ನು ಹೀಗೆ ಲೆಕ್ಕ ಹಾಕಿ ಕೂಡಿಸಿದರೆ ನಾಟಿಕಲ್ ಮೈಲಿಯಲ್ಲಿ ದೂರ ಸಿಗುತ್ತದೆ. 9 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 13 ನಾಟಿಕಲ್ ಮೈಲಿ. ಡೆಕ್ ಮೇಲೆ ನಿಂತು ಕೈಯ ಸೆಟ್‌ನಲ್ಲಿ ಮಾತಾಡುವ ಇಬ್ಬರ ನಡುವೆ 6 ಸಿಕ್ಕಿದರೆ ದೊಡ್ಡದು. ದುಬಾರಿ ಸೆಟ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ಆಂಟೆನಾ, ಒಳ್ಳೆಯ ಕೇಬಲ್ ಹಾಕಿಸಿ. ಜಾಯಿಂಟ್‌ಗೆ ಉಪ್ಪುನೀರು ಇಳಿದರೆ 25 ವಾಟ್ ಇದ್ದೂ ಪ್ರಯೋಜನವಿಲ್ಲ.

16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕರೆಗೆ ಮತ್ತು ಮೊದಲು ಕರೆಯುವುದಕ್ಕೆ. ಕರೆದು, ಆಮೇಲೆ ಬೇರೆ ಚಾನೆಲ್‌ಗೆ ಹೋಗಿ. ಅಲ್ಲಿ ಮೀನಿನ ರೇಟು ಮಾತಾಡುತ್ತಾ ಕೂತರೆ ಮುಳುಗುತ್ತಿರುವವನ ಕರೆ ಅದರಡಿಯಲ್ಲೇ ಹೂತುಹೋಗುತ್ತದೆ. 70ನೇ ಚಾನೆಲ್ ಮಾತಿಗಲ್ಲ, ಅದು ಡಿಎಸ್‌ಸಿಗೆ, ಅಂದರೆ ಬಟನ್ ಒತ್ತಿದಾಗ ಸೆಟ್ ತಾನೇ ಕಳಿಸುವ ಡಿಜಿಟಲ್ ಕರೆಗೆ. ಡಿಎಸ್‌ಸಿ ಇರುವ ಸೆಟ್ಟನ್ನೇ ತೆಗೆದುಕೊಳ್ಳಿ, ಜಿಪಿಎಸ್‌ಗೆ ಜೋಡಿಸಿ, ಬೋಟಿನ ಗುರುತಿಗಿರುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆ ಹಾಕಿಸಿ. ನಮ್ಮ ದೇಶದ ಸಂಖ್ಯೆ 419ರಿಂದ ಶುರುವಾಗುತ್ತದೆ. ಆಗ ಕೆಂಪು ಬಟನ್ ಒತ್ತಿದರೆ ಬೋಟು ಎಲ್ಲಿದೆ ಎನ್ನುವುದೂ ಕರೆಯ ಜೊತೆಗೆ ಹೋಗುತ್ತದೆ.

ಕೈಯ ಸೆಟ್ ಐಪಿಎಕ್ಸ್7 ಇರಲೇಬೇಕು. 1 ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ಹಾಳಾಗುವುದಿಲ್ಲ ಎಂಬುದಕ್ಕೆ ಆ ಗುರುತು. ನೀರಿಗೆ ಬಿದ್ದರೆ ತೇಲುವಂಥದ್ದು ಇನ್ನೂ ಒಳ್ಳೆಯದು. ಮುಳುಗುವ ಸೆಟ್ ಎಷ್ಟೇ ವಾಟರ್‌ಪ್ರೂಫ್ ಇದ್ದರೂ ತಳಕ್ಕೆ ಹೋದ ಮೇಲೆ ಸಿಗುವುದಿಲ್ಲ ಅಲ್ವಾ?

ಆನ್‌ಲೈನಿನಲ್ಲಿ ಜೋಡಿ ಜೋಡಿಯಾಗಿ ಸಿಗುವ ಅಗ್ಗದ ವಾಕಿಟಾಕಿ ಬೇಡ. ‘10 ಕಿಲೋಮೀಟರ್ ರೇಂಜ್’ ಎಂಬ ಮಾತನ್ನು ನಂಬಬೇಡಿ. ಅದರ ಸ್ಪೀಕರ್ ಜಾಲರಿಗೆ ಒಂದು ಅಲೆ ಹೊಡೆದರೆ ಸಾಕು, ಒಳಗೆಲ್ಲ ಉಪ್ಪು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಜಾಗವಷ್ಟೇ ಇದೆ, ಅದೂ ಕಡಿಮೆ ಪವರ್‌ನಲ್ಲಿ. ಬೇರೆ ಫ್ರೀಕ್ವೆನ್ಸಿಯದ್ದನ್ನು ಮಾಹಿತಿ ಕೊಡದೆ ಮಾರುತ್ತಿದ್ದರೆಂದೇ 2025ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ನೋಟಿಸ್ ಕೊಟ್ಟಿತ್ತು.

ಬೋಟಿನ ಒಳಗೆ

ವಿಎಚ್‌ಎಫ್‌ನಲ್ಲಿ ಬೋಟಿನೊಳಗಿನ ಮಾತಿಗೆಂದೇ 15 ಮತ್ತು 17ನೇ ಚಾನೆಲ್ ಇವೆ, 1 ವಾಟ್ ಮೀರದಂತೆ. ಆದರೂ ವಿಂಚಿನ ಕೆಲಸಕ್ಕೆ ಬಟನ್ ಒತ್ತಿ ಮಾತಾಡುವ ಸೆಟ್ ಬೇಡ ಎನ್ನುತ್ತೇನೆ. ವಿಂಚ್ ಹಿಡಿದವನ ಎರಡೂ ಕೈಗೆ ಕೆಲಸ ಇರುತ್ತದೆ. ಇನ್ನೊಂದು ತೊಂದರೆ, ಒಬ್ಬರು ಬಟನ್ ಒತ್ತಿ ಹಿಡಿದಿದ್ದರೆ ಇನ್ನೊಬ್ಬರ ಮಾತು ಅವರಿಗೆ ಕೇಳುವುದಿಲ್ಲ. ತಾಂಡೇಲರು ಮಾತಾಡುತ್ತಿರುವಾಗಲೇ ರೋಪ್ ಸಿಕ್ಕಿಕೊಂಡರೆ?

ಬಟನ್ ಬಿಡುವ ಅವಸರವೂ ಇದೆ. ‘ಬಿಡಬೇಡ’ ಅನ್ನುವಾಗ ಕೊನೆ ಮುಗಿಯುವ ಮುಂಚೆ ಬೆರಳು ಎತ್ತಿದರೆ ಆ ಕಡೆ ಕೇಳುವುದು ‘ಬಿಡ’ ಅಷ್ಟೇ. ಅವನು ಬಿಟ್ಟೇ ಬಿಡುತ್ತಾನೆ. ಮಾತು ಕೇಳಿದಾಗ ತಾನಾಗಿ ಆನ್ ಆಗುವ ವಾಕ್ಸ್ ಎಂಬ ಸೌಲಭ್ಯ ಕೆಲವು ಸೆಟ್‌ಗಳಲ್ಲಿದೆ. ಅದು ಮೊದಲ ಅಕ್ಷರ ನುಂಗುತ್ತದೆ. ಎಂಜಿನ್ ಸದ್ದಿಗೇ ಆನ್ ಆಗಿ ಹಾಗೇ ಉಳಿಯುವುದೂ ಉಂಟು.

ಆದ್ದರಿಂದ ಇಬ್ಬರೂ ಒಟ್ಟಿಗೆ ಮಾತಾಡಬಹುದಾದ, ಫೋನಿನ ಹಾಗೆ ಸದಾ ತೆರೆದಿರುವ ಹೆಡ್‌ಸೆಟ್ ತೆಗೆದುಕೊಳ್ಳಿ. ಬೈಕ್ ಸವಾರರು ಹೆಲ್ಮೆಟ್ಟಿಗೆ ಹಾಕುವ ಬ್ಲೂಟೂತ್ ಇಂಟರ್‌ಕಾಮ್ ಇದೇ ಬಗೆಯದು. ಮೂರು ಜನ ಇದ್ದರೆ ಮೆಶ್, ಅಂದರೆ ಎಲ್ಲ ಸೆಟ್‌ಗಳೂ ಒಂದಕ್ಕೊಂದು ಜೋಡಿಕೊಳ್ಳುವ ವ್ಯವಸ್ಥೆ, ಇರುವುದು ಬೇಕು. ಉಕ್ಕಿನ ಬೋಟಾದರೆ ಎಂಜಿನ್ ರೂಮಿನ ಬಾಗಿಲು ಹಾಕಿದಾಗ ಸಿಗ್ನಲ್ ಹೋಗಬಹುದು. ಹಾಕಿಯೇ ಪರೀಕ್ಷೆ ಮಾಡಿ.

ಹೆಡ್‌ಸೆಟ್ ಆರಿಸುವುದು, ಹಾಕಿಕೊಳ್ಳುವುದು

ಹೆಚ್ಚಿನವರು ಎಡವುವುದು ಇಲ್ಲಿ. ಕಿವಿಯೊಳಗೆ ಸಿಕ್ಕಿಸುವ ಸಣ್ಣ ಇಯರ್‌ಫೋನ್ ಎಂಜಿನ್ ಎದುರು ನಿಲ್ಲುವುದಿಲ್ಲ. ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ, ಕಿವಿ ಹಾಳಾಗುತ್ತದೆ. ಕಿವಿ ಪೂರ್ತಿ ಮುಚ್ಚುವ ಕಪ್ ಬೇಕು. ವಿಂಚಿನವನಿಗೂ ಎಂಜಿನ್ ರೂಮಿನವನಿಗೂ ಎರಡೂ ಕಿವಿಗೆ. ತಾಂಡೇಲರಿಗೆ ಒಂದೇ ಕಿವಿಗೆ, ಏಕೆಂದರೆ ಇನ್ನೊಂದು ಕಿವಿ 16ನೇ ಚಾನೆಲ್‌ಗೆ ಬೇಕು. ಕಪ್‌ನ ಅಂಚಿಗೂ ಚರ್ಮಕ್ಕೂ ನಡುವೆ ಟೋಪಿಯ ಅಂಚು ಅಥವಾ ಕನ್ನಡಕದ ದಪ್ಪ ಕಡ್ಡಿ ಸಿಕ್ಕಿದರೆ ಆ ಸಂದಿಯಿಂದಲೇ ಸದ್ದು ನುಗ್ಗುತ್ತದೆ.

ಇನ್ನು ಮೈಕು. ನಾಯ್ಸ್ ಕ್ಯಾನ್ಸಲಿಂಗ್ ಮೈಕಿನ ಮುಂದೆಯೂ ಹಿಂದೆಯೂ ತೂತಿರುತ್ತದೆ. ದೂರದ ಎಂಜಿನ್ ಸದ್ದು ಎರಡೂ ಕಡೆಯಿಂದ ಒಂದೇ ಅಳತೆಯಲ್ಲಿ ಒಳಗೆ ಹೋಗಿ ಅಲ್ಲೇ ಕಳೆದುಹೋಗುತ್ತದೆ. ತುಟಿ ಹತ್ತಿರ ಇರುವುದರಿಂದ ನಿಮ್ಮ ಮಾತು ಮುಂದಿನಿಂದ ಜೋರಾಗಿ ಹೋಗುತ್ತದೆ, ಅದು ಉಳಿಯುತ್ತದೆ. ಮೈಕನ್ನು ಗದ್ದದ ಕೆಳಗೆ ಇಟ್ಟುಕೊಂಡರೆ ಮಾತೂ ಎರಡೂ ಕಡೆಯಿಂದ ಸಮನಾಗಿ ಹೋಗುತ್ತದೆ, ಅದೂ ಕಳೆದುಹೋಗುತ್ತದೆ. ಆಮೇಲೆ ಮೈಕೇ ಸರಿಯಿಲ್ಲ ಎಂದು ಬಯ್ಯುತ್ತಾರೆ. ತುಟಿಯಿಂದ ಒಂದು ಬೆರಳಿನಷ್ಟು ದೂರ, ಬಾಯಿಯ ಮೂಲೆಯಲ್ಲಿ ಇರಲಿ. ಎದುರಿಗೇ ಇಟ್ಟರೆ ಉಸಿರು ಬಡಿಯುತ್ತದೆ. ಒಂದು ಬದಿಯಲ್ಲಿ ಬಿಳಿ ಚುಕ್ಕೆ ಅಥವಾ ಗುರುತು ಇದ್ದರೆ ಅದು ತುಟಿಯ ಕಡೆಗಿರಬೇಕು. ಗಾಳಿಗೆ ಫೋಮ್ ತೊಡಿಸಿ. ರೇನ್‌ಕೋಟಿನ ಟೋಪಿ ಮೈಕನ್ನು ತಳ್ಳದಂತೆ ನೋಡಿಕೊಳ್ಳಿ.

ವಿಂಚಿನವನಿಗೆ ವೈರ್ ನೇತಾಡುವ ಹೆಡ್‌ಸೆಟ್ ಖಂಡಿತ ಕೊಡಬೇಡಿ. ತಿರುಗುವ ಡ್ರಮ್ಮಿಗೆ ವೈರ್ ಸಿಕ್ಕಿದರೆ ತಲೆಯನ್ನೇ ಎಳೆಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ವೈರ್ ಅಂಗಿಯ ಒಳಗಿನಿಂದ ಬರಲಿ. ಹೆಡ್‌ಸೆಟ್ಟನ್ನು ದಿಕ್ಸೂಚಿಯ ಪಕ್ಕ ಇಡಬೇಡಿ, ಸ್ಪೀಕರಿನ ಅಯಸ್ಕಾಂತ ಮುಳ್ಳನ್ನು ತಿರುಗಿಸುತ್ತದೆ. ಒಂದು ಮೀಟರಾದರೂ ದೂರ ಇರಲಿ.

ಪರೀಕ್ಷೆ

ಅಂಗಡಿಯ ಏಸಿ ರೂಮಿನಲ್ಲಿ ‘ಹಲೋ ಹಲೋ, ಕೇಳ್ತದಾ’ ಅನ್ನುವುದು ಪರೀಕ್ಷೆಯಲ್ಲ. ವಾಪಸ್ ಕೊಡಬಹುದು ಎಂಬ ಮಾತು ಪಡೆದು ಬೋಟಿಗೆ ತನ್ನಿ. ಎಂಜಿನ್ ಶುರು ಮಾಡಿ, ಕೆಲಸದ ವೇಗಕ್ಕೆ ತಂದು, ವಿಂಚ್ ತಿರುಗಿಸಿ. ಕ್ಯಾಬಿನ್ನಿನಿಂದ ಒಬ್ಬರು ಅಂಕಿಗಳನ್ನು ಹೇಳಲಿ, ವಿಂಚಿನ ಬಳಿ ಇರುವವರು ಬರೆದುಕೊಳ್ಳಲಿ. ಒಂದು ಎರಡು ಮೂರು ಎಂದು ವರಸೆಯಲ್ಲಿ ಹೇಳಬೇಡಿ, ಕೇಳದಿದ್ದರೂ ಊಹೆ ಮಾಡಿ ಬರೆದುಬಿಡುತ್ತಾರೆ. ಏಳು, ನಾಲ್ಕು, ಒಂಬತ್ತು, ಎರಡು ಎಂದು ಹಿಂದುಮುಂದಾಗಿ ಹೇಳಿ. ಆಮೇಲೆ ಜಾಗ ಬದಲಾಯಿಸಿ ಇನ್ನೊಮ್ಮೆ. ಒಂದೇ ಒಂದು ಅಂಕಿ ತಪ್ಪಿದರೂ ಮೈಕಿನ ಜಾಗ ಸರಿ ಮಾಡಿ. ಆಗಲೂ ತಪ್ಪಿದರೆ ವಾಪಸ್ ಕೊಡಿ.

ಪದಗಳೂ ಗೊತ್ತಾಗಿರಲಿ. ಈಗ ಬೋಟಿನಲ್ಲಿ ತುಳು, ಕನ್ನಡ, ಕೊಂಕಣಿಯವರ ಜೊತೆ ಒಡಿಶಾದವರು, ಜಾರ್ಖಂಡಿನವರೂ ಇರುತ್ತಾರೆ. ನಿಲ್ಲಿಸಲು ‘ಸ್ಟಾಪ್’ ಒಂದೇ. ಯಾರು ಹೇಳಿದರೂ ವಿಂಚ್ ನಿಲ್ಲಬೇಕು. ಎಳೆಯಲು, ಸಡಿಲಿಸಲು ಒಂದೊಂದು ಪದ. ಕೇಳಿದವನು ಅದನ್ನೇ ತಿರುಗಿ ಹೇಳಬೇಕು.

ಇಟ್ಟುಕೊಳ್ಳುವುದು

ದಿನದ ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಫೋಮ್ ಬಿಚ್ಚಿ ತೊಳೆದು ಒಣಗಿಸಿ. ಚಾರ್ಜಿಂಗ್ ಪಿನ್ ಒಣಗುವ ಮೊದಲು ಚಾರ್ಜಿಗೆ ಹಾಕಬೇಡಿ, ಹಸಿರು ಹಿಡಿಯುತ್ತದೆ. ಕೈಯ ಸೆಟ್‌ಗೆ ಸಾಮಾನ್ಯ ಎಎ ಸೆಲ್ ಹಾಕುವ ಟ್ರೇ ಸಿಗುವುದಾದರೆ ಕೊಂಡು, ಸೆಲ್‌ಗಳ ಜೊತೆ ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿಡಿ. ಸೆಟ್‌ನ ಇಟಿಎ, ಅಂದರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆ ಇದೆ ಎನ್ನುವ ಪ್ರಮಾಣಪತ್ರದ ಪ್ರತಿಯನ್ನು ಅಂಗಡಿಯಿಂದಲೇ ಕೇಳಿ ಪಡೆಯಿರಿ. ಅದನ್ನೂ ಲೈಸೆನ್ಸನ್ನೂ ಬೋಟಿನ ಬೇರೆ ಕಾಗದಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಕೋಸ್ಟ್ ಗಾರ್ಡ್‌ನ 1554 ನಂಬರನ್ನು ಕ್ಯಾಬಿನ್ನಿನಲ್ಲಿ ಸೆಟ್‌ನ ಪಕ್ಕ ಪೇಂಟಿನಲ್ಲಿ ಬರೆಸಿ. ದಡದ ಹತ್ತಿರ ಮೊಬೈಲ್ ಸಿಗ್ನಲ್ ಸಿಕ್ಕಿದಾಗ ಅದೂ ಬೇಕಾಗುತ್ತದೆ.