ಪರ್ಸನಾಲಿಟಿ ಟೆಸ್ಟ್ ರಿಸಲ್ಟ್ ನಂಬೋ ಮುಂಚೆ

ಸೆಕೆಂಡ್ ಪಿಯುಸಿ ಮಕ್ಕಳಿರೋ ಮನೆಯವರು ದಯವಿಟ್ಟು ಓದಿ. ಹಾಸನದಲ್ಲಿ ಒಂದು ಕಡೆ ದುಡ್ಡು ಕಟ್ಟಿ ನಮ್ಮಕ್ಕನ ಮಗಳಿಗೆ ಪರ್ಸನಾಲಿಟಿ ಟೆಸ್ಟ್ ಮಾಡಿಸಿದ್ವಿ. "ಅಂತರ್ಮುಖಿ, ಜನರ ಜೊತೆಗಿನ ಕೆಲಸ ಆಗಲ್ಲ" ಅಂತ ಬಂತು. ನರ್ಸಿಂಗ್ ಆಸೆ ಇಟ್ಕೊಂಡಿದ್ದ ಹುಡುಗಿ ಎರಡು ದಿನ ಸರಿಯಾಗಿ ಊಟಾನೇ ಮಾಡ್ಲಿಲ್ಲ.

ಐದು ವಾರ ಬಿಟ್ಟು ಅದೇ ಪ್ರಶ್ನೆಗಳನ್ನ ಮತ್ತೆ ಕೊಟ್ಟೆ. ಈ ಸಲ ಬಹಿರ್ಮುಖಿ! ಮೊದಲನೇದು ಪ್ರಿಪರೇಟರಿ ಪರೀಕ್ಷೆ ಮುಗಿದ ಸಂಜೆ ಬರೆದಿದ್ದು, ಎರಡನೇದು ಸಕಲೇಶಪುರದ ಮದುವೆ ಮನೆಯಿಂದ ಬಂದ ಮೇಲೆ. ಅಂಕ ನೋಡಿದ್ರೆ ಮೊದಲು 48, ಆಮೇಲೆ 53, ಅಷ್ಟೇ. 50ಕ್ಕೆ ಗೆರೆ ಎಳೆದು ಆ ಕಡೆ ಒಂದು ಹೆಸರು, ಈ ಕಡೆ ಒಂದು ಹೆಸರು ಇಟ್ಟಿದ್ದಾರೆ. ಅದಕ್ಕೇ ಹೆಸರು ಬಿಟ್ಟು ಅಂಕ ಕೇಳಿ ತಗೊಳ್ಳಿ, ಕೆಲವು ವಾರ ಬಿಟ್ಟು ಇನ್ನೊಂದ್ಸಲ ಮಾಡಿಸಿ.

"ನನ್ನ ಬಗ್ಗೆ ಕರೆಕ್ಟಾಗಿ ಹೇಳಿದೆ" ಅನ್ಸೋದನ್ನೂ ಪೂರ್ತಿ ನಂಬಬೇಡಿ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಎಲ್ಲರಿಗೂ ಒಂದೇ ವಿವರಣೆ ಹಂಚಿದ್ರು. ಗುಟ್ಟು ಗೊತ್ತಿಲ್ಲದ ವಿದ್ಯಾರ್ಥಿಗಳು ಅದು ತಮಗೆ ಎಷ್ಟು ಹೊಂದುತ್ತೆ ಅನ್ನೋದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ರು! ನಿಮ್ಮ ಮಗುವಿನ ರಿಪೋರ್ಟನ್ನ ಪಕ್ಕದ ಮನೆ ಮಗುವಿಗೆ ಓದಿ ಹೇಳಿ. ಅದಕ್ಕೂ ಹೊಂದಿದ್ರೆ ಆ ಸಾಲಿಗೆ ಬೆಲೆ ಇಲ್ಲ.

ಸಂಶೋಧಕರು ಹೆಚ್ಚು ಬಳಸೋದು ಬಿಗ್ ಫೈವ್ ಮಾದರಿ. ಅದರಲ್ಲಿ ಐದು ಗುಣಗಳನ್ನ ಪ್ರಮಾಣದಲ್ಲಿ ಅಳೀತಾರೆ, ಪಂಗಡ ಕಟ್ಟಲ್ಲ. ಹುಡುಗಿ ನರ್ಸಿಂಗ್ ಅರ್ಜಿ ತುಂಬ್ತಿದ್ದಾಳೆ.