ಮೂರನೇ ಸಿಲಿಂಡರ್ ಮಿಸ್ಸಿಂಗ್: ಹೊಸ ಕಾಯಿಲ್ ಹಾಕಿದರೂ ಮತ್ತೆ ಬಂತು

ನನ್ನ ಕಾರಿಗೆ 16 ವರ್ಷ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್ ಪ್ರತಿ ಪ್ಲಗ್ ತಲೆಯ ಮೇಲೆ ಒಂದೊಂದು ಕೂರುವ ಬಗೆಯದು. ನಾನು ಮೆಕ್ಯಾನಿಕ್ ಅಲ್ಲ. ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಇಂಥ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅಷ್ಟೇ.

ತೊಂದರೆ ಶುರುವಾಗಿದ್ದು ಏರಿನಲ್ಲಿ. ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ನಾಲ್ಕನೇ ಗೇರಿನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಒತ್ತಿದರೆ ಮಾತ್ರ, ಯಾರೋ ಹಿಂದಿನಿಂದ ಹಿಡಿದು ಬಿಟ್ಟ ಹಾಗೆ ಜಗ್ಗುತ್ತಿತ್ತು. ಪೆಟ್ರೋಲ್ ಸರಿ ಇಲ್ಲ ಅಂತ ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೊಂದು ದಿನ ಚೆಕ್ ಎಂಜಿನ್ ಲೈಟ್ ಬಂತು. ಬಂದದ್ದಷ್ಟೇ ಅಲ್ಲ, ಮಿಣುಕತೊಡಗಿತು. ಆ ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ಒಂದೆರಡು ದಿನ ತಡೆಯಬಹುದು. ಮಿಣುಕಿದರೆ ತಡೆಯಬಾರದು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಮುಂದೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ವಿಪರೀತ ಕಾದು ಹಾಳಾಗುತ್ತದೆ. ಆಕ್ಸಿಲರೇಟರ್ ಜಾಸ್ತಿ ಒತ್ತದೆ ನಿಧಾನಕ್ಕೆ ಮನೆ ಸೇರಿದೆ.

ಮನೆಗೆ ಬಂದವನು ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಬೇಕಿತ್ತು. ಓದಲಿಲ್ಲ. ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಅಂದರೆ ಪ್ಲಗ್ಗೇ ಅಲ್ವಾ ಅಂತ ನಾಲ್ಕೂ ಹೊಸ ಪ್ಲಗ್ ತಂದು ಹಾಕಿದೆ. ಜಗ್ಗುವುದು ಹಾಗೇ ಇತ್ತು. ಆಮೇಲೆ ಬುದ್ಧಿ ಬಂದು ಸ್ಕ್ಯಾನರ್ ಹಾಕಿದರೆ ಪಿ0303. ಪಿ0300 ಬಂದರೆ ಇಂಥದ್ದೇ ಸಿಲಿಂಡರ್ ಅಂತ ಹೇಳಲಾಗದ ಮಿಸ್ಸಿಂಗ್. ಪಿ0301ರಿಂದ ಮುಂದಕ್ಕೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಅಂದರೆ ನನ್ನದು ಮೂರನೆಯದು. ಯಾವ ತುದಿಯಿಂದ ಎಣಿಸಬೇಕು ಅನ್ನುವುದನ್ನು ಮಾತ್ರ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿಯೇ ತಿಳಿದುಕೊಳ್ಳಿ, ಊಹೆ ಬೇಡ.

ಒಂದೇ ಸಿಲಿಂಡರ್ ಅಂತ ಗೊತ್ತಾದ ಮೇಲೆ ಕೆಲಸ ಅರ್ಧ ಮುಗಿದ ಹಾಗೆ. ಪೆಟ್ರೋಲ್ ಪಂಪ್, ಏರ್ ಫಿಲ್ಟರ್ ಇಂಥದ್ದು ಕೆಟ್ಟರೆ ನಾಲ್ಕಕ್ಕೂ ಪೆಟ್ಟು ಬೀಳಬೇಕು. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವುದನ್ನು ನೋಡಿದೆ, 3-4 ಪರ್ಸೆಂಟ್ ಆಸುಪಾಸಿನಲ್ಲಿತ್ತು. ಎಲ್ಲಾದರೂ ಪೈಪ್ ಸೋರಿ ಎಂಜಿನ್ ಕಳ್ಳಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್‌ನಲ್ಲಿ ಅದು ಚೆನ್ನಾಗಿ ಮೇಲೇರಿ, ಆರ್‌ಪಿಎಂ 2500ಕ್ಕೆ ತಂದಾಗ ಇಳಿಯಬೇಕು. ಹಾಗೇನೂ ಆಗಲಿಲ್ಲ. ವ್ಯಾಕ್ಯೂಮ್ ಪೈಪುಗಳ ಯೋಚನೆ ಬಿಟ್ಟೆ.

ಮುಂದಿನದು ಅದಲು ಬದಲು. ಮೂರರ ಕಾಯಿಲ್ ಬಿಚ್ಚಿ ಒಂದಕ್ಕೆ, ಒಂದರದ್ದು ಮೂರಕ್ಕೆ. ಪ್ಲಗ್ ಮುಟ್ಟಲಿಲ್ಲ, ಯಾಕೆಂದರೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿದ್ದು ಅಂತ ಗೊತ್ತಾಗುವುದಿಲ್ಲ. ಕೋಡ್ ಅಳಿಸಿ ಅದೇ ಏರು ಹತ್ತಿಸಿದೆ. ಪಿ0301 ಬಂತು! ರೋಗ ಕಾಯಿಲ್ ಜೊತೆಗೇ ಹೋಗಿದೆ. ಹೊಸ ಕಾಯಿಲ್ ಹಾಕಿದೆ, ಗಾಡಿ ಬೆಣ್ಣೆ ಹಾಗೆ ಓಡಿತು.

ಮೂರು ವಾರ ಓಡಿತು. ನಾಲ್ಕನೇ ವಾರ ಮತ್ತೆ ಅದೇ ಏರಿನಲ್ಲಿ ಜಗ್ಗಿತು, ಮತ್ತೆ ಪಿ0303.

ಈಗ ನಾಚಿಕೆಯ ವಿಷಯ ಹೇಳಬೇಕು. ಮೊದಲ ಸಲ ಕಾಯಿಲ್ ಬಿಚ್ಚಿದಾಗ ಅದರ ಕೆಳಗಿನ ರಬ್ಬರ್ ಬೂಟ್ ಜಿಡ್ಡಾಗಿತ್ತು. ನಾನು ಬಟ್ಟೆಯಲ್ಲಿ ಒರೆಸಿ ಹಾಗೇ ಹಾಕಿದ್ದೆ! ಈ ಸಲ ಟಾರ್ಚ್ ಹಿಡಿದು ಪ್ಲಗ್ ಕೂರುವ ಗುಂಡಿಯೊಳಗೆ ನೋಡಿದರೆ ತಳದಲ್ಲಿ ಎಂಜಿನ್ ಆಯಿಲ್ ನಿಂತಿದೆ. ಕಾಯಿಲ್ ತಾನಾಗಿ ಕೆಟ್ಟದ್ದಲ್ಲ, ಆಯಿಲ್ ಅದನ್ನು ಕೆಡಿಸಿದೆ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಬೂಟಿನ ಪಕ್ಕದಿಂದ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ಏರಿನಲ್ಲೇ ಯಾಕೆ ಜಗ್ಗುತ್ತಿತ್ತು ಅನ್ನುವುದೂ ಆಗ ಅರ್ಥವಾಯಿತು: ಲೋಡ್ ಬಿದ್ದಾಗ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಅಷ್ಟು ಒತ್ತಡದಲ್ಲಿ ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು, ಆಗ ಅದು ಸುಲಭದ ದಾರಿ ಹುಡುಕಿಕೊಳ್ಳುತ್ತದೆ.

ಆಯಿಲ್ ಕಂಡ ಕೂಡಲೇ, ಸಿಲಿಂಡರ್ ಒಳಗೆ ಆಯಿಲ್ ಬರದಂತೆ ತಡೆಯುವ ಪಿಸ್ಟನ್ ರಿಂಗ್ ಹೋಯ್ತು ಅಂತ ಎದೆ ಧಸಕ್ಕೆಂದಿತು. ಆಯಿಲನ್ನು ಸಿರಿಂಜಿನಲ್ಲಿ ಎಳೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಆಮೇಲೆ ಪ್ಲಗ್ ಬಿಚ್ಚಿದೆ. ಹಾಗೇ ಬಿಚ್ಚಿದರೆ ಅಷ್ಟೂ ಸಿಲಿಂಡರ್ ಒಳಗೆ ಸುರಿಯುತ್ತದೆ. ಪ್ಲಗ್ಗಿನ ಮೇಲ್ಭಾಗ ಪೂರ್ತಿ ಜಿಡ್ಡು, ಕಿಡಿ ಹಾರುವ ತುದಿ ಒಣಗಿಕೊಂಡು ತಿಳಿ ಕಂದು ಬಣ್ಣ. ಅಂದರೆ ಆಯಿಲ್ ಬರುತ್ತಿರುವುದು ಮೇಲಿನಿಂದ. ರಿಂಗಿನಿಂದಾಗಿದ್ದರೆ ತುದಿಯೇ ಒದ್ದೆಯಾಗಿ ಕಪ್ಪು ಕಟ್ಟಬೇಕಿತ್ತು. ಆದರೂ ಮನಸ್ಸು ಕೇಳಲಿಲ್ಲ. ನಾಲ್ಕೂ ಪ್ಲಗ್ ತೆಗೆದು, ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರುಗಳನ್ನೂ ಬಿಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏರುವ ಗಾಳಿಯ ಒತ್ತಡ) ನೋಡಿದೆ. 165, 170, 160, 165 ಪಿಎಸ್‌ಐ. ಈ ವಯಸ್ಸಿಗೆ ಇದಕ್ಕಿಂತ ಇನ್ನೇನು ಬೇಕು? ಒಂದು ಸಿಲಿಂಡರ್ ಮಾತ್ರ ತೀರಾ ಕಮ್ಮಿ ತೋರಿಸಿದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಬೇಕು. ಏರಿದರೆ ರಿಂಗ್ ಸವೆದಿರಬಹುದು, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ನನಗೆ ಅದು ಬೇಕಾಗಲಿಲ್ಲ.

ಉಳಿದದ್ದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳ. ನನ್ನ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ ಗುಂಡಿಗೂ ಕವರಿನ ಒಳಗೆ ಒಂದೊಂದು ರಬ್ಬರ್ ಸೀಲ್ ಇದೆ. ಮೂರನೆಯದು ಬಿಸಿಗೆ ಪ್ಲಾಸ್ಟಿಕ್ ಥರ ಗಟ್ಟಿಯಾಗಿ, ಉಗುರು ಹಾಕಿದರೆ ಚೂರು ಚೂರಾಗಿ ಬಂತು. ನಾಲ್ಕೂ ಸೀಲ್, ಕವರ್ ಪ್ಯಾಕಿಂಗ್, ಎಲ್ಲ ಹೊಸದು ಹಾಕಿದೆ. ಹಳೇ ಪ್ಯಾಕಿಂಗ್ ಕೆರೆಯುವುದಕ್ಕೇ ಒಂದು ಗಂಟೆ ಹಿಡಿಯಿತು, ತುಂಬಾ ಬೋರಿಂಗ್ ಕೆಲಸ. ಕವರಿನ ಬೋಲ್ಟ್‌ಗಳು ಸಣ್ಣವು, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್ ಮೀರಿ ಬಿಗಿದರೆ ಮುರಿಯುತ್ತವೆ ಇಲ್ಲವೇ ಥ್ರೆಡ್ ಹೋಗುತ್ತದೆ. ಮಧ್ಯದಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಕಾಯಿಲ್ ಬದಲಿಸಲಿಲ್ಲ, ಅದರ ಬೂಟ್ ಮಾತ್ರ ಬಿಡಿಯಾಗಿ ಸಿಕ್ಕಿತು, ಅಷ್ಟೇ ಸಾಕಾಯಿತು.

ಇದಾಗಿ ಎಂಟು ತಿಂಗಳು. ಪ್ರತಿ ಸಲ ಆಯಿಲ್ ಬದಲಿಸುವಾಗ ಮೂರನೇ ಕಾಯಿಲ್ ಎತ್ತಿ ಗುಂಡಿಯೊಳಗೆ ಟಾರ್ಚ್ ಬಿಡುತ್ತೇನೆ. ಒಣಗಿದೆ. ಶುರುವಿನಲ್ಲಿ ಕಿತ್ತೆಸೆದ ಆ ನಾಲ್ಕು ಹಳೇ ಪ್ಲಗ್‌ಗಳಲ್ಲಿ ಏನೂ ದೋಷ ಇರಲಿಲ್ಲ ಅನ್ನುವುದು ಮಾತ್ರ ಆಗಾಗ ನೆನಪಾಗುತ್ತದೆ.